ಹೊಸದಾಗಿ ತಗೊಂಡ ಮಸಲ್ ಕಾರಿಗೆ ಮೊದಲು ಇಂಟೇಕೋ ಎಕ್ಸಾಸ್ಟೋ? ಟ್ಯೂನರ್ ರಘು ಜೊತೆ ಪ್ರಶ್ನೋತ್ತರ

ಅಡ್ಮಿನ್: ಅಮೆರಿಕದಲ್ಲಿ ಮಸ್ಟ್ಯಾಂಗ್, ಕಮಾರೊ, ಚಾಲೆಂಜರ್ ತಗೊಂಡಿರೋ ನಮ್ಮ ಗುಂಪಿನವರ ಪ್ರಶ್ನೆಗಳಿಗೆ ರಘು ಅವರು ಇವತ್ತು ಇಲ್ಲೇ ಉತ್ತರ ಕೊಡ್ತಾರೆ. ಇಂಟೇಕ್ ಅಂದ್ರೆ ಎಂಜಿನ್‌ಗೆ ಗಾಳಿ ತರೋ ಪೈಪು-ಫಿಲ್ಟರ್, ಎಕ್ಸಾಸ್ಟ್ ಅಂದ್ರೆ ಹೊಗೆ ಹೊರಗೆ ಹೋಗೋ ಪೈಪು, ಟ್ಯೂನ್ ಅಂದ್ರೆ ಎಂಜಿನ್ ಕಂಪ್ಯೂಟರಿನ (ಇಸಿಯು) ಸಾಫ್ಟ್‌ವೇರ್ ಬದಲಾಯಿಸೋದು. ಎಂಜಿನ್ ಟ್ಯೂನಿಂಗ್, ಎಕ್ಸಾಸ್ಟ್ ಕೆಲಸ ಎರಡೂ ಅವರ ವೃತ್ತಿ. ಕಾರಿನ ವರ್ಷ, ಎಂಜಿನ್, ಗೇರ್‌ಬಾಕ್ಸ್, ಈಗಾಗಲೇ ಏನೇನು ಬದಲಾಗಿದೆ, ಇಷ್ಟನ್ನೂ ಬರೆದು ಕೇಳಿ.

ಸುಹಾಸ್: ನಮಸ್ಕಾರ ಸರ್. 2019ರ ಮಸ್ಟ್ಯಾಂಗ್ ಜಿಟಿ, ಮ್ಯಾನುಯಲ್, ಪೂರ್ತಿ ಸ್ಟಾಕ್ (ಕಂಪನಿಯಿಂದ ಬಂದ ಹಾಗೇ). ಇಂಟೇಕ್, ಎಕ್ಸಾಸ್ಟ್ ಎರಡೂ ಒಟ್ಟಿಗೇ ಹಾಕ್ಸೋಣ ಅಂತಿದ್ದೀನಿ. ಸರೀನಾ?

ರಘು: ಒಂದೊಂದಾಗಿ ಹಾಕ್ಸಿ. ಎರಡೂ ಒಟ್ಟಿಗೆ ಹಾಕಿದ ಮೇಲೆ ಚೆಕ್ ಎಂಜಿನ್ ದೀಪ ಹತ್ತಿದರೆ ತಪ್ಪು ಯಾವುದರದ್ದು ಅಂತ ಹುಡುಕೋದೇ ದೊಡ್ಡ ಕೆಲಸ.

ಬೇಕಾಗಿರೋದು ಸದ್ದು ಮಾತ್ರ ಅಂದ್ರೆ ಆಕ್ಸಲ್-ಬ್ಯಾಕ್ ಸಾಕು. ಹಿಂದಿನ ಎರಡು ಸೈಲೆನ್ಸರ್ ಅಷ್ಟೇ ಬದಲಾಗುತ್ತೆ, ಶಕ್ತಿ ಹೆಚ್ಚಿತು ಅಂತ ಹೇಳೋಕೆ ಏನೂ ಇರಲ್ಲ. ಕ್ಯಾಟ್-ಬ್ಯಾಕ್ (ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರಿನಿಂದ ಹಿಂದಿನ ಪೂರ್ತಿ ಪೈಪು) ಹಾಕಿದರೆ ಐದರಿಂದ ಹತ್ತು ಎಚ್‌ಪಿ ಸಿಗಬಹುದು. ಇಪ್ಪತ್ತು, ಮೂವತ್ತು ಬೇಕು ಅಂದ್ರೆ ಲಾಂಗ್ ಟ್ಯೂಬ್ ಹೆಡರ್ (ಎಂಜಿನ್‌ನಿಂದಲೇ ಹೊಗೆ ತಗೊಳ್ಳೋ ಉದ್ದ ಕೊಳವೆಗಳು), ಅದಕ್ಕೆ ಹೊಂದೋ ಟ್ಯೂನ್ ಎರಡೂ ಬೇಕು, ಮೊದಲ ಅಪ್‌ಗ್ರೇಡ್ ಆಗಿ ಅದಕ್ಕೆ ಕೈ ಹಾಕಬೇಡಿ. ಕಂಪನಿಯೇ 460 ಎಚ್‌ಪಿ ಕೊಟ್ಟಿರೋ ಎಂಜಿನ್ ಇದು. ಹೊಗೆ ಹೋಗೋ ದಾರಿ ಇಕ್ಕಟ್ಟಾಗಿದೆ ಅನ್ನೋದು ಜಾಹೀರಾತಿನ ಮಾತು.

ನಿಮ್ಮ ಕಾರಲ್ಲಿ ಆಕ್ಟಿವ್ ಎಕ್ಸಾಸ್ಟ್ (ವಾಲ್ವ್ ತಿರುಗಿಸಿ ಸದ್ದು ಏರಿಳಿಸೋದು) ಇದೆಯಾ ಮೊದಲು ನೋಡಿ. ಇದ್ದರೆ ವಾಲ್ವ್ ತಿರುಗಿಸೋ ಮೋಟರ್‌ಗಳನ್ನ ಉಳಿಸಿಕೊಳ್ಳೋ ಕಿಟ್ಟೇ ಬೇಕು.

ಹಾಕುವಾಗ: ಪೈಪು ತಣ್ಣಗಿರಲಿ, ಕಾರು ಜಾಕ್ ಸ್ಟ್ಯಾಂಡ್ ಮೇಲಿರಲಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಹ್ಯಾಂಗರ್ ರಬ್ಬರಿಗೆ ಸೋಪು ನೀರು ಸವರಿದರೆ ಎಳೆದಾಡದೆ ಬರುತ್ತೆ. ಹೊಸ ಕ್ಲ್ಯಾಂಪುಗಳನ್ನ ಮೊದಲು ಬೆರಳಲ್ಲಿ ಮಾತ್ರ ಬಿಗಿ ಮಾಡಿ. ಎರಡೂ ಟಿಪ್ (ಪೈಪಿನ ಹಿಂದಿನ ತುದಿ) ಸಮ ಮಾಡಿ, ಬಂಪರ್‌ನಿಂದ ಸುತ್ತ 12 ಮಿ.ಮೀ. ಆದ್ರೂ ಜಾಗ ಬಿಡಿ, ಆಮೇಲೆ ಮುಂದಿನ ಕ್ಲ್ಯಾಂಪಿನಿಂದ ಹಿಂದಕ್ಕೆ ಬಿಗಿ ಮಾಡ್ತಾ ಬನ್ನಿ. ಹಿಂದಿನಿಂದ ಶುರು ಮಾಡಿದರೆ ಪೈಪು ತಿರುಚಿಕೊಂಡು ಬಿಸಿಯಾದಾಗ ಎಲ್ಲೋ ಒಂದು ಕಡೆ ಬಡಿಯುತ್ತೆ. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಹೊಗೆ ಬರೋದು ಪೈಪಿಗೆ ಅಂಟಿರೋ ಎಣ್ಣೆಯದ್ದು. ನೂರು ಮೈಲಿ ಆದ ಮೇಲೆ ಕ್ಲ್ಯಾಂಪು ಇನ್ನೊಮ್ಮೆ ನೋಡಿ.

ಅನಿತಾ: 2024ರ ಹೊಸ ಮಸ್ಟ್ಯಾಂಗ್. ಇಂಟೇಕ್ ಹಾಕ್ಸಿದ್ರೆ ವಾರಂಟಿ ಹೋಗುತ್ತಾ ಸರ್?

ರಘು: ಭಾಗ ಬದಲಾಯಿಸಿದ್ದೀರಿ ಅನ್ನೋ ಒಂದೇ ಕಾರಣಕ್ಕೆ ಪೂರ್ತಿ ವಾರಂಟಿ ರದ್ದು ಮಾಡೋಕಾಗಲ್ಲ. 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ಇದೆ. ಆದರೆ ಕೆಟ್ಟದ್ದು ನಿಮ್ಮ ಭಾಗದಿಂದಲೇ ಅಂತ ಕಂಪನಿ ತೋರಿಸಿದರೆ ಆ ರಿಪೇರಿ ನಿಮ್ಮ ಖರ್ಚು. ಇಸಿಯು ಟ್ಯೂನ್ ಮಾಡಿದ್ದರೆ ಹಾಗೆ ತೋರಿಸೋದು ಅವರಿಗೆ ಬಹಳ ಸುಲಭ.

ಬಸವರಾಜ: ರಘು ಅಣ್ಣಾರ, 2017ರ ಕಮಾರೊ ಎಸ್‌ಎಸ್ ಐತ್ರಿ, ಆಟೊ. ಇಂಟೇಕ್ ಹಾಕಿದ್ರ ಖರೇ ಎಷ್ಟ ಲಾಭ?

ರಘು: ಅಳೆದು ನೋಡಿ ಬಸವರಾಜ್, ಯಾರನ್ನೂ ಕೇಳೋದೇ ಬೇಡ. ಒಬಿಡಿ ರೀಡರ್ (ಇಸಿಯು ಅಂಕಿ ಓದೋ ಸಾಧನ) ಹಾಕಿ ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿದಾಗ ಮ್ಯಾಪ್ ಸೆನ್ಸರ್ (ಇಂಟೇಕ್ ಒಳಗಿನ ಒತ್ತಡ ಅಳೆಯೋದು) ಎಷ್ಟು ತೋರಿಸುತ್ತೆ ಬರೆದುಕೊಳ್ಳಿ. ಅದು ಹೊರಗಿನ ಗಾಳಿಯ ಒತ್ತಡ. ಆಮೇಲೆ ಡ್ರ್ಯಾಗ್ ಸ್ಟ್ರಿಪ್‌ನಲ್ಲೋ ಡೈನೋ (ಶಕ್ತಿ ಅಳೆಯೋ ಯಂತ್ರ) ಮೇಲೋ ಪೂರ್ತಿ ಥ್ರಾಟಲ್ ಒತ್ತಿ, 6,000 ಆರ್‌ಪಿಎಂ ದಾಟಿದಾಗ ಅದೇ ಸೆನ್ಸರ್ ಲಾಗ್ ಮಾಡಿ. ಕೀ ಆನ್ ಮಾಡಿದಾಗ 99 ಕೆಪಿಎ, ಓಟದಲ್ಲಿ 97 ಇದ್ದರೆ ಇಡೀ ದಾರಿಯಲ್ಲಿ ಕಳೆದುಕೊಳ್ತಿರೋದು ಎರಡು. ಒಂದು ಕೆಪಿಎ ಅಂದ್ರೆ ಸುಮಾರು ಶೇ. 1 ಶಕ್ತಿ. ಆ ಎರಡರಲ್ಲಿ ಥ್ರಾಟಲ್ ಬಾಡಿಯ (ಎಂಜಿನ್‌ಗೆ ಗಾಳಿ ಬಿಡೋ ಬಾಗಿಲಿನ) ಪಾಲೂ ಇದೆ, ಹೊಸ ಇಂಟೇಕ್ ಎಲ್ಲವನ್ನೂ ವಾಪಸ್ ತರಲ್ಲ.

ಇನ್ನೊಂದು ಅಂಕಿ ಐಎಟಿ, ಒಳಗೆ ಬರೋ ಗಾಳಿಯ ಬಿಸಿ. ಓಡ್ತಾ ಇರುವಾಗ ಹೊರಗಿನದಕ್ಕಿಂತ ಐದು–ಹತ್ತು ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ನಿಮ್ಮ ಸ್ಟಾಕ್ ಪೆಟ್ಟಿಗೆ ಚೆನ್ನಾಗೇ ಕೆಲಸ ಮಾಡ್ತಿದೆ. ಬಾನೆಟ್ ಕೆಳಗೆ ಬತ್ತಲೆ ಕೋನ್ ಫಿಲ್ಟರ್ ಇಟ್ಟು ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ಬಿಸಿಯನ್ನೇ ಕುಡಿಯುತ್ತೆ. ಗಾಳಿ ಹತ್ತು ಡಿಗ್ರಿ ಬಿಸಿಯಾದರೆ ಸಾಂದ್ರತೆ ಸುಮಾರು ಶೇ. 3 ಇಳಿಯುತ್ತೆ, ಮೇಲಿಂದ ಇಸಿಯು ಕಿಡಿ ಹಾರೋ ಟೈಮಿಂಗ್ ಬೇರೆ ಹಿಂದಕ್ಕೆ ತಗೊಳ್ಳುತ್ತೆ.

ಪ್ರವೀಣ್: ಸರ್, ಎರಡು ವಾರದ ಹಿಂದೆ ಸೆಕೆಂಡ್ ಹ್ಯಾಂಡ್ 2016 ಮಸ್ಟ್ಯಾಂಗ್ ಜಿಟಿ ತಗೊಂಡೆ. ದಪ್ಪ ಪೈಪಿನ ಕೋಲ್ಡ್ ಏರ್ ಇಂಟೇಕ್ ಮೊದಲೇ ಇತ್ತು. ಪಿ0171, ಪಿ0174 ಕೋಡ್ (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಅನ್ನೋದು) ಬರ್ತಿವೆ, ಅಳಿಸಿದ್ರೆ ಮರುದಿನ ವಾಪಸ್. ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲ್ ಶೇ. ಎಷ್ಟು ಹೆಚ್ಚು-ಕಮ್ಮಿ ಮಾಡ್ತಿದೆ ಅನ್ನೋ ಅಂಕಿ) ಎರಡೂ ಕಡೆ +18. ಜೋರಾಗಿ ಒತ್ತಿದಾಗ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಸದ್ದು. ಮಾರಿದವರು ಟ್ಯೂನ್ ತೆಗೆದು ಸ್ಟಾಕ್‌ಗೆ ತಂದಿದ್ದೀನಿ ಅಂದಿದ್ರು. ಮುಂದಿನ ವಾರ ಎಕ್ಸಾಸ್ಟ್ ಹಾಕ್ಸೋ ಯೋಚನೆ. ಯಾವುದು ಒಳ್ಳೇದು?

ರಘು: ಎಕ್ಸಾಸ್ಟ್ ಮಾತು ಬಿಡಿ. ಇವತ್ತಿನಿಂದ ಪೂರ್ತಿ ಥ್ರಾಟಲ್ ಬೇಡ, 3,000 ಆರ್‌ಪಿಎಂ ದಾಟಿಸಬೇಡಿ, 93 ಆಕ್ಟೇನ್ ಪೆಟ್ರೋಲನ್ನೇ ಹಾಕಿ. ಆ ಸದ್ದು ನಾಕಿಂಗ್, ಸಿಲಿಂಡರ್ ಒಳಗೆ ಪೆಟ್ರೋಲ್ ಹತೋಟಿ ತಪ್ಪಿ ಉರಿಯೋದು.

ಆಗಿರೋದು ಬಹುಶಃ ಹೀಗೆ. ಕೈಲಿ ಹಿಡಿಯೋ ಟ್ಯೂನಿಂಗ್ ಡಿವೈಸ್ ಒಂದು ಕಾರಿಗೆ ಬೀಗ ಹಾಕಿಕೊಂಡಿರುತ್ತೆ. ಅದನ್ನ ಬೇರೆಯವರಿಗೆ ಮಾರಬೇಕಾದರೆ ಕಾರನ್ನ ಕಂಪನಿ ಸಾಫ್ಟ್‌ವೇರ್‌ಗೆ ವಾಪಸ್ ತರಲೇಬೇಕು. ಮಾರಿದವರು ಅಷ್ಟು ಮಾಡಿ, ಟ್ಯೂನ್ ಬೇಕೇ ಬೇಕು ಅನ್ನೋ ಇಂಟೇಕನ್ನ ಮಾತ್ರ ಕಾರಲ್ಲೇ ಬಿಟ್ಟಿದ್ದಾರೆ.

ಇದು ಯಾಕೆ ಅಪಾಯ ಅಂದ್ರೆ, ಮ್ಯಾಫ್ ಸೆನ್ಸರ್ (ಒತ್ತಡ ಅಳೆಯೋ ಮ್ಯಾಪ್ ಅಲ್ಲ, ಗಾಳಿಯ ಪ್ರಮಾಣ ತಿಳಿಸೋದು) ಪೈಪಲ್ಲಿ ಹೋಗೋ ಎಲ್ಲ ಗಾಳಿಯನ್ನ ಅಳೆಯಲ್ಲ. ತನ್ನ ಮುಂದೆ ಹಾಯೋ ಗಾಳಿಯ ವೇಗ ನೋಡಿ, ಪೈಪಿನ ಅಗಲ ಇಷ್ಟೇ ಅಂತ ನಂಬಿದ ಇಸಿಯು ಒಟ್ಟು ಲೆಕ್ಕ ಹಾಕುತ್ತೆ. ಉದಾಹರಣೆಗೆ 80 ಮಿ.ಮೀ. ಜಾಗದಲ್ಲಿ 88 ಮಿ.ಮೀ. ಪೈಪು ಬಂದರೆ ವಿಸ್ತೀರ್ಣ ಶೇ. 21 ಹೆಚ್ಚು. ಅಷ್ಟೇ ಗಾಳಿ ನಿಧಾನವಾಗಿ ಹೋಗುತ್ತೆ, ಇಸಿಯು ಕಣ್ಣಿಗೆ ಸುಮಾರು ಶೇ. 17 ಕಡಿಮೆ ಕಾಣುತ್ತೆ, ಪೆಟ್ರೋಲೂ ಅಷ್ಟು ಕಡಿಮೆ ಸುರಿಯುತ್ತೆ. ಆಮೇಲೆ ಆಕ್ಸಿಜನ್ ಸೆನ್ಸರ್ ನೋಡಿ ಸರಿದೂಗಿಸೋದೇ ನಿಮ್ಮ +18.

ಟ್ರಿಮ್ ಸರಿದೂಗಿಸ್ತಿದೆಯಲ್ಲ ಅಂತ ಸಮಾಧಾನ ಪಡಬೇಡಿ. ಅದು ಪೆಟ್ರೋಲ್ ಮಾತ್ರ ಸರಿ ಮಾಡುತ್ತೆ. ಇಗ್ನಿಷನ್ ಟೈಮಿಂಗ್ ಆರಿಸೋದು ಲೋಡ್ ಎಷ್ಟು ಅನ್ನೋದರ ಮೇಲೆ, ಆ ಲೋಡ್ ಲೆಕ್ಕವೂ ಇದೇ ತಪ್ಪು ಗಾಳಿಯಿಂದಲೇ ಬರುತ್ತೆ. ಎಂಜಿನ್ ಪೂರ್ತಿ ದುಡೀತಿದ್ರೂ ಇಸಿಯು ಹಗುರ ಕೆಲಸ ಅಂತ ತಿಳಿದು ಕಿಡಿಯನ್ನ ಬೇಗ ಹಾರಿಸುತ್ತೆ. 11:1 ಕಂಪ್ರೆಷನ್, ಪೆಟ್ರೋಲ್ ಕಮ್ಮಿ, ಕಿಡಿ ಬೇಗ. ನಾಕ್ ಸೆನ್ಸರ್ ಸ್ವಲ್ಪ ಕಾಪಾಡುತ್ತೆ, ಎಷ್ಟು ದಿನ? ಹೀಗೇ ಒತ್ತಿ ಓಡಿಸಿದರೆ ಪಿಸ್ಟನ್‌ನಲ್ಲಿ ರಿಂಗ್ ಕೂರೋ ಅಂಚು ಒಡೆಯುತ್ತೆ, ಆಮೇಲೆ ಎಂಜಿನ್ ಇಳಿಸಬೇಕು.

ಊಹೆ ಖಚಿತ ಮಾಡ್ಕೊಳ್ಳಿ. ಟ್ರಿಮ್ ಅನ್ನು ಐಡಲ್‌ನಲ್ಲಿ (ಕಾರು ನಿಂತು ಎಂಜಿನ್ ಮಾತ್ರ ಓಡುವಾಗ), 2,500 ಆರ್‌ಪಿಎಂನಲ್ಲಿ, ಏರು ರಸ್ತೆಯಲ್ಲಿ ಬೇರೆಬೇರೆ ಬರೆದುಕೊಳ್ಳಿ. ಮೂರರಲ್ಲೂ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಮ್ಯಾಫ್ ಲೆಕ್ಕ ತಪ್ಪು. ಐಡಲ್‌ನಲ್ಲಿ ಜಾಸ್ತಿ, ಆರ್‌ಪಿಎಂ ಏರಿದಾಗ ಕಮ್ಮಿ ಅಂದ್ರೆ ವ್ಯಾಕ್ಯೂಮ್ ಲೀಕ್ (ಮ್ಯಾಫ್ ಅಳತೆ ತಪ್ಪಿಸಿ ಒಳಗೆ ನುಗ್ಗೋ ಗಾಳಿ). ಏರು ರಸ್ತೆಯಲ್ಲಿ ಮಾತ್ರ ಜಾಸ್ತಿ ಅಂದ್ರೆ ಪೆಟ್ರೋಲ್ ಪಂಪು ಸೋತಿದೆ.

ಪರಿಹಾರ: 2015–17ರ ಜಿಟಿಯ ಸ್ಟಾಕ್ ಏರ್ ಬಾಕ್ಸ್ ಹುಡುಕಿ, ಬಳಸಿದ್ದೇ ಸಾಕು. ಮ್ಯಾಫ್ ಸೆನ್ಸರ್ ಬಿಚ್ಚುವಾಗ ಒಳಗಿನ ತಂತಿ ಮುಟ್ಟಬೇಡಿ. ಎಣ್ಣೆ ಸವರಿದ ಬಟ್ಟೆ ಫಿಲ್ಟರ್ ಇದ್ದಿದ್ದರೆ ಅದರ ಎಣ್ಣೆ ತಂತಿಗೆ ಅಂಟಿರಬಹುದು. ಮ್ಯಾಫ್ ಕ್ಲೀನರ್ ಸ್ಪ್ರೇ ಮಾತ್ರ ಹೊಡೆಯಿರಿ, ಕಾರ್ಬ್ಯುರೇಟರ್ ಕ್ಲೀನರ್ ಅಥವಾ ಬ್ರೇಕ್ ಕ್ಲೀನರ್ ಹೊಡೆದರೆ ಸೆನ್ಸರ್ ಹಾಳು. ಪೂರ್ತಿ ಒಣಗಿದ ಮೇಲೆ ಗಾಳಿ ಹೋಗೋ ದಿಕ್ಕಿನ ಬಾಣ ನೋಡಿ ಕೂರಿಸಿ. ಕಲಿತ ಟ್ರಿಮ್ ಅಳಿಸಿ, ಐವತ್ತು ಮೈಲಿ ಮೆಲ್ಲಗೆ ಓಡಿಸಿ ಅಂಕಿ ಕಳಿಸಿ. ±5 ಒಳಗೆ ಬಂದರೆ ಚಿಂತೆ ಇಲ್ಲ. ಜೊತೆಗೆ ರೀಡರ್‌ನಲ್ಲಿ ಕ್ಯಾಲಿಬ್ರೇಷನ್ ಐಡಿ (ಇಸಿಯು ಸಾಫ್ಟ್‌ವೇರಿನ ಗುರುತು) ಫೋಟೊ ಕಳಿಸಿ, ಕೆಳಗೆ ಬಗ್ಗಿ ಕ್ಯಾಟಲಿಟಿಕ್ ಕನ್ವರ್ಟರ್ ಇದೆಯೋ ಇಲ್ಲವೋ ಅದನ್ನೂ ನೋಡಿ. ಇಷ್ಟು ಮಾಡಿದವರು ಇನ್ನೇನು ಮಾಡಿದ್ದಾರೋ.

ದಿನೇಶ್: ಇದಕ್ಕೆಲ್ಲ ಇಷ್ಟು ಉದ್ದ ಬೇಕಾ? ಫಾರ್ವರ್ಡ್ ಬಂದಿತ್ತು, ಹಾಕ್ತಿದ್ದೀನಿ: “ಐಎಟಿ ಸೆನ್ಸರ್ ವೈರಿಗೆ ಒಂದು ರೆಸಿಸ್ಟರ್ ಜೋಡಿಸಿ, 20 ಎಚ್‌ಪಿ ಫ್ರೀ. ಇಂಟೇಕ್ ಪೈಪಲ್ಲಿ ಸುರುಳಿ ಫ್ಯಾನ್ ಇಡಿ. ಟ್ಯಾಂಕಿಗೆ ನಾಲ್ಕು ನುಸಿಗುಳಿಗೆ ಹಾಕಿ, ಆಕ್ಟೇನ್ ಏರುತ್ತೆ. ಕ್ಯಾಟಲಿಟಿಕ್ ಒಳಗಿನ ಜೇನುಗೂಡು ಕುಟ್ಟಿ ತೆಗೆಯಿರಿ.”

ರಘು: ನಾಲ್ಕರಲ್ಲಿ ಒಂದನ್ನೂ ಮಾಡಬೇಡಿ. ರೆಸಿಸ್ಟರ್ ಇಟ್ಟರೆ ಬಿಸಿ ಗಾಳಿಯನ್ನ ತಣ್ಣಗಿದೆ ಅಂತ ಇಸಿಯುಗೆ ಸುಳ್ಳು ಹೇಳಿದ ಹಾಗೆ. ಬಿಸಿಯಲ್ಲಿ ಟೈಮಿಂಗ್ ಹಿಂದಕ್ಕೆ ತಗೊಳ್ಳೋ ರಕ್ಷಣೆ ಹೋಯ್ತು, ಪ್ರವೀಣ್ ಕಾರಿನ ಕಥೆ ನಿಮ್ಮ ಕಾರಿಗೂ ಬಂತು. ಸುರುಳಿ ಫ್ಯಾನ್ ಗಾಳಿಗೆ ಅಡ್ಡ ನಿಲ್ಲೋ ತಗಡು, ಕಿತ್ತು ಬಂದರೆ ಥ್ರಾಟಲ್ ಒಳಗೆ. ನುಸಿಗುಳಿಗೆ ತಣ್ಣಗಾದಾಗ ಹರಳುಗಟ್ಟಿ ಇಂಜೆಕ್ಟರ್ ಕಟ್ಟುತ್ತೆ. ಕ್ಯಾಟಲಿಟಿಕ್ ತೆಗೆಯೋದು ಈ ದೇಶದ ಫೆಡರಲ್ ಕಾನೂನಿಗೇ ವಿರುದ್ಧ. ಫಾರ್ವರ್ಡ್ ಮಾಡೋ ಮೊದಲು ಓದ್ತೀರಾ ಇಲ್ವಾ?

ದಿನೇಶ್: ಬೇಜಾರ್ ಮಾಡ್ಕೋಬೇಡಿ, ಗೊತ್ತಿರೋರು ಕಳಿಸಿದ್ದು.

ಕಿರಣ್: ಟಿಪ್ ಕಪ್ಪು ಬಣ್ಣದ್ದು ತಗೊಂಡ್ರೆ ಬಿಸಿಗೆ ಬಣ್ಣ ಹೋಗುತ್ತಾ?

ವಿಶ್ವನಾಥ ಶೆಟ್ಟಿ: ಚಾಲೆಂಜರ್ ಆರ್/ಟಿ ಮಾರ್ರೆ, 5.7 ಹೆಮಿ, ಆಟೊ, 2018. ನಡುವಿನ ಸೈಲೆನ್ಸರ್ ತೆಗೆಸಿದೆ. ಹೈವೇಯಲ್ಲಿ ತಲೆ ಚಿಟ್ಟು ಹಿಡಿಯುವ ಹಾಗೆ ಗುಂಯ್ ಅಂತ ಉಂಟು. ಪೈಪ್ ದಪ್ಪ ಮಾಡಿದರೆ ಹೋಗ್ತದಾ?

ಮಂಜು: ಬ್ಯಾಕ್ ಪ್ರೆಷರ್ (ಹೊಗೆಗೆ ಎದುರಾಗೋ ಒತ್ತಡ) ಹೋಯ್ತು ನೋಡಿ, ಅದಕ್ಕೇ. ಎಂಜಿನ್‌ಗೆ ಬ್ಯಾಕ್ ಪ್ರೆಷರ್ ಬೇಕೇ ಬೇಕು, ಇಲ್ಲಾಂದ್ರೆ ಟಾರ್ಕ್ ಸಾಯುತ್ತೆ.

ಪ್ರಕಾಶ್: ಯಾವ ಎಂಜಿನ್‌ಗೂ ಬ್ಯಾಕ್ ಪ್ರೆಷರ್ ಬೇಡ ಮಂಜು. ಬೇಕಾಗಿರೋದು ಹೊಗೆಯ ವೇಗ. ಒಂದು ಸಿಲಿಂಡರಿನ ಹೊಗೆ ವೇಗವಾಗಿ ಹೊರಟರೆ ಹಿಂದೆ ಒತ್ತಡ ಇಳಿದು, ಮುಂದಿನ ಸಿಲಿಂಡರಿಂದ ಎಳೆದುಕೊಳ್ಳುತ್ತೆ. ಪೈಪು ಅತಿ ದಪ್ಪ ಆದರೆ ಆ ವೇಗ ಸಾಯುತ್ತೆ, ಕೆಳಗಿನ ಟಾರ್ಕ್ ಇಳಿಯುತ್ತೆ. ಜನ ಅದನ್ನೇ ಬ್ಯಾಕ್ ಪ್ರೆಷರ್ ಅಂತಾರೆ.

ಮಂಜು: ಅಂದ್ರೆ ನಾನು ಹೇಳಿದ್ದೇ ತಾನೇ? ದಪ್ಪ ಪೈಪು ಹಾಕಿದ್ರೆ ಟಾರ್ಕ್ ಹೋಗುತ್ತೆ.

ಪ್ರಕಾಶ್: ಹೋಗೋದು ಹೌದು, ಕಾರಣ ಬೇರೆ. ನಿಮ್ಮ ಲೆಕ್ಕದಲ್ಲಿ ಪೈಪಿಗೆ ಬಟ್ಟೆ ತುರುಕಿದ್ರೆ ಟಾರ್ಕ್ ಬರಬೇಕು.

ಮಂಜು: ಬಟ್ಟೆ ತುರುಕೋ ಮಾತು ನಾನು ಎಲ್ಲಿ ಆಡ್ದೆ? ಓದಿ ಮಾತಾಡಿ ಗುರು.

ರಘು: ಪ್ರಕಾಶ್ ಹೇಳಿದ್ದು ಸರಿ. ಈ ಎಂಜಿನ್‌ಗಳಿಗೆ ಎರಡೂವರೆ ಇಂಚಿನ ಎರಡು ಪೈಪು ಸಾಕು, ಮೂರು ಇಂಚು ಹಾಕಿದರೆ ಹೆಚ್ಚಾಗೋದು ಸದ್ದೇ.

ವಿಶ್ವನಾಥ್, ನಿಮ್ಮದಕ್ಕೆ ದಪ್ಪ ಪೈಪು ಮದ್ದಲ್ಲ. ವಿ8 ಒಂದು ಸುತ್ತಿಗೆ ನಾಲ್ಕು ಸಲ ಉರಿಯುತ್ತೆ, 1,800 ಆರ್‌ಪಿಎಂನಲ್ಲಿ ಸೆಕೆಂಡಿಗೆ 120 ಸಲ. ನಿಮ್ಮದು ಆಟೊ, ಎಂಡಿಎಸ್ ಇದೆ, ಹೈವೇಯಲ್ಲಿ ನಾಲ್ಕು ಸಿಲಿಂಡರ್ ಮಲಗುತ್ತೆ, ಅದೇ 1,800ರಲ್ಲಿ 60 ಹರ್ಟ್ಸ್. ಕಿವಿಗಿಂತ ಎದೆಗೆ ತಾಗೋ ಸದ್ದು ಅದು. ಗೇರನ್ನ ಮ್ಯಾನುಯಲ್ ಮೋಡ್‌ಗೆ ಹಾಕಿ, ಎಂಟೂ ಸಿಲಿಂಡರ್ ಎಚ್ಚರ ಇರುವಾಗ ಅದೇ ಆರ್‌ಪಿಎಂನಲ್ಲಿ ಓಡಿಸಿ. ಗುಂಯ್ ನಿಂತರೆ ಮೂಲ ಎಂಡಿಎಸ್, ನಡುವಿನ ಸೈಲೆನ್ಸರ್ ವಾಪಸ್ ಹಾಕ್ಸೋದೇ ಸರಿ. ನಿಲ್ಲದಿದ್ದರೆ ಪೈಪಿನ ಪಕ್ಕಕ್ಕೆ ತುದಿ ಮುಚ್ಚಿದ ಕೊಳವೆ ಬೆಸುಗೆ ಹಾಕ್ಸಬಹುದು. ಅದರ ಉದ್ದ ಸದ್ದಿನ ಅಲೆಯ ಕಾಲು ಭಾಗ ಇರಬೇಕು. ಆ ಬಿಸಿಯಲ್ಲಿ 120 ಹರ್ಟ್ಸ್‌ಗೆ ಸುಮಾರು 85ರಿಂದ 100 ಸೆಂ.ಮೀ. 60ಕ್ಕೆ ಅದರ ಎರಡರಷ್ಟು ಬೇಕು, ಕಾರಿನಡಿ ಜಾಗ ಇರಲ್ಲ.

ಸುಹಾಸ್: ಸರ್, ಎರಡು ಎಕ್ಸಾಸ್ಟ್ ಪೈಪನ್ನ ನಡುವೆ ಜೋಡಿಸೋಕೆ ಎಚ್ ಪೈಪಾ, ಎಕ್ಸ್ ಪೈಪಾ?

ರಘು: ಎಚ್ ಆದ್ರೆ ಗುಡುಗು, ಎಕ್ಸ್ ಆದ್ರೆ ಚೂಪು. ಕಿವಿಗೆ ಹಿಡಿಸಿದ್ದು.

ಮಂಜು: ಎಕ್ಸ್ ಹಾಕಿದ್ರೆ ಮಸಲ್ ಕಾರಿನ ಸದ್ದೇ ಅಲ್ಲ ಅದು.

ಪ್ರಕಾಶ್: ಇದಕ್ಕೂ ಬ್ಯಾಕ್ ಪ್ರೆಷರ್ ಕಾರಣಾನಾ?

ಅಡ್ಮಿನ್: ಇಬ್ಬರೂ ಸಾಕು ಮಾಡಿ, ದಯವಿಟ್ಟು.

ಗಿರೀಶ್: ಇಂಟೇಕ್ ಹಾಕ್ಸಿದ್ರೆ ವಾರಂಟಿ ಹೋಗುತ್ತಾ?

ರಘು: ಅನಿತಾ ಅವರಿಗೆ ಬರೆದಿದ್ದೀನಿ, ಮೇಲೆ ಓದಿ.

ಲತಾ: ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆಲ್ಲ ಒಪ್ಪಿಗೆ ಇದೆಯಾ?

ರಘು: ಇಂಟೇಕ್‌ಗೆ ಕಾರ್ಬ್ (ಅಲ್ಲಿನ ವಾಯು ಮಾಲಿನ್ಯ ಮಂಡಳಿ) ಕೊಟ್ಟ ಇಒ (ಒಪ್ಪಿಗೆ ಆದೇಶ) ನಂಬರ್ ಬೇಕು, ಅದರ ಸ್ಟಿಕರ್ ಬಾನೆಟ್ ಕೆಳಗೆ ಕಾಣೋ ಹಾಗೆ ಅಂಟಿಸಿ. ಕ್ಯಾಟ್-ಬ್ಯಾಕ್‌ಗೆ ಇಒ ಬೇಡ, ಆದರೆ ಸದ್ದು 95 ಡೆಸಿಬಲ್ ದಾಟಬಾರದು. 2021ರ ಜುಲೈಯಿಂದ ಸ್ಮಾಗ್ ಚೆಕ್‌ನಲ್ಲಿ (ಹೊಗೆ ತಪಾಸಣೆ) ಇಸಿಯು ಸಾಫ್ಟ್‌ವೇರನ್ನೂ ನೋಡ್ತಾರೆ, ಒಪ್ಪಿಗೆ ಇಲ್ಲದ ಟ್ಯೂನ್ ಇದ್ದರೆ ಫೇಲ್.

ನವೀನ್: ಆಕ್ಸಲ್-ಬ್ಯಾಕ್ ನಾನೇ ಹಾಕಿದೆ. ಹಿಂದಿನ ಕ್ಲ್ಯಾಂಪಲ್ಲಿ ಪುಸುಪುಸು ಸದ್ದು. ಟ್ರಂಕ್ ಅರ್ಧ ತೆರೆದು ಸಾಮಾನು ತರುವಾಗ ತಲೆನೋವು ಬಂತು. ಸಂಬಂಧ ಇದೆಯಾ?

ದಿನೇಶ್: ಶುಂಠಿ ಕಷಾಯ ಕುಡೀರಿ 😀

ರಘು: ತಮಾಷೆ ಬೇಡ. ನವೀನ್, ಕಾರು ತೆಗೀಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ತೆರೆದ ಟ್ರಂಕ್ ಹಿಂದಿನ ಹೊಗೆಯನ್ನ ಒಳಗೆ ಎಳೆಯುತ್ತೆ. ತಲೆನೋವು ಇನ್ನೂ ಇದ್ದರೆ, ತಲೆಸುತ್ತು ಅಥವಾ ವಾಂತಿ ಬಂದರೆ ಈಗಲೇ ಆಸ್ಪತ್ರೆಗೆ ಹೋಗಿ, ಹೊಗೆ ಒಳಗೆ ಬರ್ತಿತ್ತು ಅಂತ ಹೇಳಿ. ಕ್ಲ್ಯಾಂಪ್ ಬಿಚ್ಚಿ ನೋಡಿ, ಒಳಗಿನ ಪೈಪು ಒಂದೂವರೆ–ಎರಡು ಇಂಚು ಒಳಗೆ ಹೋಗಿರಬೇಕು. ಇಲ್ಲದಿದ್ದರೆ ಎಷ್ಟು ಬಿಗಿ ಮಾಡಿದರೂ ಲೀಕೇ. ಸರಿಮಾಡಿದ ಮೇಲೆ ಸೋಪು ನೀರು ಹಚ್ಚಿ, ತಣ್ಣಗಿರುವಾಗಲೇ ಹೊರಗೆ ಬಯಲಲ್ಲಿ ಸ್ಟಾರ್ಟ್ ಮಾಡಿ ಗುಳ್ಳೆ ಬರುತ್ತಾ ನೋಡಿ.

ಹರೀಶ್: ಚಾಲೆಂಜರ್ ಸ್ಕ್ಯಾಟ್ ಪ್ಯಾಕ್ ತಗೊಂಡೆ, ಯಾವ ಬ್ರ್ಯಾಂಡ್ ಇಂಟೇಕ್ ಒಳ್ಳೇದು? ವಾರಂಟಿ ಇದೆ.

ಅನಿತಾ: ಹರೀಶ್, ಮೇಲೆ ಓದಿ, ಅವರು ಇನ್ನೊಂದು ಸಲ ಬರೆಯಲ್ಲ.

ಪ್ರವೀಣ್: ಸರ್, ಪಕ್ಕದ ಊರಿನವರ ಹತ್ರ ಸ್ಟಾಕ್ ಬಾಕ್ಸ್ ಸಿಕ್ತು, ಹಾಕಿದೆ. ಕ್ಯಾಟಲಿಟಿಕ್ ಎರಡೂ ಇವೆ. ಐವತ್ತು ಮೈಲಿ ಆಯ್ತು. 2,500ರಲ್ಲಿ +2, ಏರು ರಸ್ತೆಯಲ್ಲಿ +1. ಐಡಲ್‌ನಲ್ಲಿ ಮಾತ್ರ +9.

ರಘು: ಮ್ಯಾಫ್ ಲೆಕ್ಕ ಸರಿ ಹೋಯ್ತು. ಉಳಿದದ್ದು ಸಣ್ಣ ಗಾಳಿ ಲೀಕ್. ಬಾಕ್ಸ್ ಬದಲಾಯಿಸುವಾಗ ವಾಲ್ವ್ ಕವರ್‌ನಿಂದ ಇಂಟೇಕ್ ಪೈಪಿಗೆ ಬರೋ ಕೊಳವೆ ಬಿಚ್ಚಿರ್ತೀರಿ, ಟಿಕ್ ಅಂತ ಕೂರೋವರೆಗೆ ಒತ್ತಿ. ಎಳೆದರೆ ಬರಬಾರದು. ಥ್ರಾಟಲ್ ಹತ್ತಿರದ ರಬ್ಬರಿನ ಕ್ಲ್ಯಾಂಪ್ ಓರೆ ಕೂತಿದೆಯಾ ನೋಡಿ. ಅಲ್ಲೂ ಸಿಗದಿದ್ದರೆ ಸ್ಮೋಕ್ ಟೆಸ್ಟ್ (ಪೈಪೊಳಗೆ ಹೊಗೆ ಬಿಟ್ಟು ಲೀಕ್ ಹುಡುಕೋದು) ಮಾಡ್ಸಿ. ಐಡಲ್ ಟ್ರಿಮ್ 5ಕ್ಕಿಂತ ಕೆಳಗೆ ಬಂದ ಮೇಲೆ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ, ಬಿಳಿ ಪಿಂಗಾಣಿ ಮೇಲೆ ನಾಕಿಂಗ್ ಗುರುತಾದ ಹೊಳೆಯೋ ಚುಕ್ಕೆ ಇವೆಯಾ ಅಂತ ಫೋಟೊ ಕಳಿಸಿ. ಇದ್ದರೆ ಎಂಟೂ ಬಿಚ್ಚಿ ಕಂಪ್ರೆಷನ್, ಲೀಕ್-ಡೌನ್ (ಸಿಲಿಂಡರ್ ಒತ್ತಡ ಎಷ್ಟು, ಎಷ್ಟು ಸೋರುತ್ತೆ) ಎರಡೂ ನೋಡಬೇಕು. ಅಲ್ಲಿವರೆಗೆ 3,000ದ ಮಿತಿ ಹಾಗೇ ಇರಲಿ, ಎಕ್ಸಾಸ್ಟ್ ಆರ್ಡರ್ ಮಾಡಬೇಡಿ.