ಸಹಾಯ ಬೇಕು: ರಸ್ತೆಗೂ ಗುಡ್ಡದ ಹಾದಿಗೂ ಒಗ್ಗುವ ಮಿನಿಮಲಿಸ್ಟ್ (ಬರಿಗಾಲಿನ ಅನುಭವಕ್ಕೆ ಹತ್ತಿರವಾದ) ಶೂ ಯಾವುದು?

ಎಲ್ಲರಿಗೂ ನಮಸ್ಕಾರ. ಗಂಗಾವತಿಯಿಂದ ಆನೆಗೊಂದಿಯತ್ತ ಡಾಂಬರು ರಸ್ತೆಯಲ್ಲಿ ಓಡಿ, ಅಲ್ಲಿಂದ ಅಂಜನಾದ್ರಿಯ ಸುತ್ತಲಿನ ಬಂಡೆಗಳ ನಡುವಿನ ಕಾಲುದಾರಿ ಹಿಡಿಯುವ ನನಗೆ, ಎರಡಕ್ಕೂ ಒಗ್ಗುವ ಒಂದೇ ಜೋಡಿ ಶೂ ಬೇಕಾಗಿದೆ. ಹಿಮ್ಮಡಿಗೂ ಮುಂಗಾಲಿಗೂ ಎತ್ತರದ ವ್ಯತ್ಯಾಸವಿಲ್ಲದ, ಬೆರಳುಗಳು ಹರಡಿಕೊಳ್ಳುವಷ್ಟು ಮುಂಭಾಗ ಅಗಲವಾಗಿರುವ ಶೂಗಳನ್ನೇ ನೋಡುತ್ತಿದ್ದೇನೆ. ಮೆರೆಲ್ ಕಂಪನಿಯ ವೇಪರ್ ಗ್ಲೋವ್ ಶೂವಿನಂತಹ ತೆಳುವಾದ ಸೋಲ್ ಡಾಂಬರಿಗೆ ಸರಿಹೋದೀತು, ಆದರೆ ನಮ್ಮ ಹಾದಿಯ ಜಾಲಿ ಮುಳ್ಳು ಅದನ್ನು ದಾಟಿ ಅಂಗಾಲಿಗೆ ನಾಟೀತೆಂಬುದೇ ನನ್ನ ದೊಡ್ಡ ಚಿಂತೆ. ಆಲ್ಟ್ರಾ ಕಂಪನಿಯ ಶೂಗಳಂತಹ ದಪ್ಪ ಮೆತ್ತೆಯಿದ್ದರೆ ಆ ಭಯ ತಗ್ಗುತ್ತದೆಯಾದರೂ, ನೆಲದ ಏರುತಗ್ಗು ಪಾದಕ್ಕೆ ತಿಳಿಯದೆ ಬಂಡೆಯ ಮೇಲೆ ಹೆಜ್ಜೆ ಊರುವುದು ಕಷ್ಟವೆಂದು ನನ್ನ ಭಾವನೆ. ಜಾರದಿರಲು ಅಡಿಭಾಗದ ಹಲ್ಲುಗಳು 3-4 ಮಿಲಿಮೀಟರ್ ಇದ್ದರೆ ಸಾಕೇ? ಮುಳ್ಳು ತಡೆಯುವ ತೆಳು ಶೂ ಬಳಸಿದವರು ಅದರ ಹೆಸರು, ಬೆಲೆ ಹಾಗೂ ಅಳತೆ ಆರಿಸಿದ ಬಗೆಯನ್ನು ದಯವಿಟ್ಟು ತಿಳಿಸಿ.