ಮಡಿಕೇರಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಪುಟ್ಟ ಮಗುವಿಗೆ ಏನು ಕಟ್ಟಿಕೊಳ್ಳಲಿ?

ಮಡಿಕೇರಿಯ ಅಮ್ಮ:
ನಮ್ಮ ಮನೆ ಮಡಿಕೇರಿಯಲ್ಲಿ, ತವರು ಮಂಗಳೂರಿನಲ್ಲಿ. ತಿಂಗಳಿಗೊಮ್ಮೆಯಾದರೂ ಮಗಳನ್ನು ಎತ್ತಿಕೊಂಡು ಬಸ್ಸು ಹತ್ತುತ್ತೇನೆ. ಅವಳಿಗೆ ಈಗ ಒಂದು ವರ್ಷ ಏಳು ತಿಂಗಳು. ಹೋದ ಸಲ ಬೆಳಗಿನ ಜಾವ ಎದ್ದು ಕಡಂಬುಟ್ಟು (ಅಕ್ಕಿತರಿಯ ಉಂಡೆ) ಬೇಯಿಸಿ, ತುಪ್ಪ ಸವರಿ, ಬಿಸಿ ಇರುವಾಗಲೇ ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಳ ಒತ್ತಿದೆ. ಸುಳ್ಯದ ಹತ್ತಿರ ಬಸ್ಸು ಕೆಟ್ಟು ಎರಡು ಗಂಟೆ ನಿಂತಿತು. ಮಾಣಿಯಲ್ಲಿ ಡಬ್ಬಿ ತೆರೆದಾಗ ಹನ್ನೊಂದೂವರೆ. ಮುಚ್ಚಳದ ಒಳಗೆಲ್ಲ ನೀರಿನ ಹನಿ, ಉಂಡೆ ಮುರಿದರೆ ನೂಲಿನಂತೆ ಎಳೆ ಎಳೆ. ಮಗು ಹಸಿವಿನಿಂದ ಅಳುತ್ತಿತ್ತು. ಬೇರೆ ದಾರಿಯಿಲ್ಲದೆ ಅಂಗಡಿಯಿಂದ ಕ್ರೀಮ್ ಬಿಸ್ಕತ್ತು ಕೊಡಿಸಿದೆ. ನಾಲ್ಕು ತಿಂದಳು, ಮಧ್ಯಾಹ್ನ ಅಜ್ಜಿ ಮಾಡಿಟ್ಟ ಗಂಜಿಯನ್ನು ಮುಟ್ಟಲಿಲ್ಲ. ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ರಸ್ತೆಬದಿಗೆ ಚೆಲ್ಲುವಾಗ ಕಣ್ಣಲ್ಲಿ ನೀರು ಬಂತು. ಮನೆಯಲ್ಲೇ ಮಾಡಿದ, ದಾರಿಯಲ್ಲಿ ಕೆಡದ ತಿನಿಸು ಯಾವುದಾದರೂ ಇದ್ದರೆ ದಯವಿಟ್ಟು ಹೇಳಿ.

ನಾಪೋಕ್ಲಿನ ಅಜ್ಜಿ:
ಮಗಳೇ, ಕಡಂಬುಟ್ಟಿನ ತಪ್ಪಿಲ್ಲ, ಮುಚ್ಚಳದ ತಪ್ಪು. ಬಿಸಿಯ ಹಬೆ ಹೊರಗೆ ಹೋಗಲು ದಾರಿಯಿಲ್ಲದೆ ನೀರಾಗಿ ಮತ್ತೆ ಉಂಡೆಯ ಮೇಲೇ ಬೀಳುತ್ತದೆ. ಮಡಿಕೇರಿಯ ಚಳಿಯಲ್ಲಿ ಅಷ್ಟು ಬೇಗ ಹಳಸದ ತಿಂಡಿ, ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರಿನ ಸೆಕೆಗೆ ಸಿಕ್ಕಿದರೆ ತಡೆಯುವುದಿಲ್ಲ. ಹಾಗಾಗಿ ಒದ್ದೆ ತಿಂಡಿಯನ್ನು ಹೊತ್ತುಕೊಂಡು ಹೋಗಲೇಬೇಡ. ಒಣ ಹಿಟ್ಟು ಹೊತ್ತುಕೊಂಡು ಹೋಗು, ತಿನ್ನಿಸುವ ಹೊತ್ತಿಗೆ ಒದ್ದೆ ಮಾಡು.

ಹುತ್ತರಿ ಹಬ್ಬಕ್ಕೆ ನಮ್ಮಲ್ಲಿ ಹುರಿದಕ್ಕಿ ಹಿಟ್ಟಿಗೆ ಬಾಳೆಹಣ್ಣು ಹಾಕಿ ತಂಬುಟ್ಟು ಕಲಸುತ್ತೇವಲ್ಲ, ಅದೇ ದಾರಿ. ನನ್ನ ಮೂರು ಮೊಮ್ಮಕ್ಕಳೂ ಪ್ರಯಾಣದಲ್ಲಿ ಇದನ್ನೇ ತಿಂದು ಬೆಳೆದವರು. ಒಂದು ಪಾವು ಕುಚ್ಚಲಕ್ಕಿಯನ್ನು ತೊಳೆದು, ಬಟ್ಟೆಯ ಮೇಲೆ ಹರವಿ ಪೂರ್ತಿ ಆರಿಸು. ದಪ್ಪ ತಳದ ಬಾಣಲೆಯಲ್ಲಿ ಒಂದೊಂದೇ ಹಿಡಿ ಹಾಕಿ ಸಣ್ಣ ಉರಿಯಲ್ಲಿ ಹುರಿ. ಅವಸರ ಮಾಡಿ ಎಲ್ಲವನ್ನೂ ಒಟ್ಟಿಗೆ ಸುರಿದರೆ ಮೇಲಿನದು ಕರಕಲು, ಒಳಗಿನದು ಹಸಿ. ಕಾಳು ಉಬ್ಬಿ ನಸುಗೆಂಪಾದಾಗ ಒಂದನ್ನು ತೆಗೆದು ಹಲ್ಲಿನಲ್ಲಿ ಕಚ್ಚಿ ನೋಡು. ಕಟ್ ಎಂದು ಮುರಿದು ಪುಡಿಯಾಗಬೇಕು. ನಡುವೆ ಕಲ್ಲಿನಂತೆ ಸಿಕ್ಕರೆ ಇನ್ನೂ ಹುರಿಯಬೇಕು, ಇಲ್ಲದಿದ್ದರೆ ಮಗುವಿನ ಹೊಟ್ಟೆಗೆ ಆಗುವುದಿಲ್ಲ. ಹುರಿಗಡಲೆ ಕಾಲು ಪಾವು, ಹುರಿದ ಎಳ್ಳು ಒಂದು ಚಮಚ, ಏಲಕ್ಕಿ ಎರಡು ಸೇರಿಸಿ ನುಣ್ಣಗೆ ಬೀಸಿ ಜರಡಿ ಹಿಡಿ. ಆರಿದ ಮೇಲೆಯೇ ಡಬ್ಬಿಗೆ ಹಾಕು. ನಮ್ಮ ಮಳೆಗಾಲದಲ್ಲಿ ಗೋಡೆಗೂ ಬೂಸ್ಟು ಬರುವುದರಿಂದ ಆಗ ವಾರಕ್ಕೆ ಸಾಕಾಗುವಷ್ಟೇ ಮಾಡಿಕೋ.

ದಾರಿಯಲ್ಲಿ ಒಂದು ಪುಟ್ಟಬಾಳೆಯನ್ನು ಬಟ್ಟಲಲ್ಲಿ ಕಿವುಚಿ ಎರಡು ಚಮಚ ಹಿಟ್ಟು ಹಾಕಿ ಕಲಸು. ಎರಡು ನಿಮಿಷ ಬಿಡು, ಹಿಟ್ಟು ನೀರು ಕುಡಿದು ಬಿಗಿಯುತ್ತದೆ. ಆಮೇಲೆ ಕಾಯಿಸಿ ಆರಿಸಿದ ನೀರು ಸ್ವಲ್ಪ ಸೇರಿಸು. ದೊಡ್ಡವರ ತಂಬುಟ್ಟಿನಂತೆ ಮುದ್ದೆಯಾಗಬಾರದು, ಚಮಚ ಓರೆ ಮಾಡಿದರೆ ತಾನಾಗಿ ಜಾರಬೇಕು. ಸಕ್ಕರೆ ಬೇಡ, ಬೆಲ್ಲವೂ ಬೇಡ. ಚೆನ್ನಾಗಿ ಕಳಿತ ಬಾಳೆಯ ಸಿಹಿಯೇ ಧಾರಾಳ.

ವಿರಾಜಪೇಟೆಯ ನರ್ಸ್:
ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ. ಕಡಂಬುಟ್ಟನ್ನು ಚೆಲ್ಲಿದ್ದೂ ಒಳ್ಳೆಯದೇ ಆಯಿತು ತಂಗಿ, ಬೇಸರ ಬೇಡ. ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಡಬ್ಬಿಯಲ್ಲಿ ಅವು ಬೆಳೆದು ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಬೇಯಿಸಿದ ತಿಂಡಿಯನ್ನು ಹೊರಗೆ 2 ಗಂಟೆಗಿಂತ ಹೆಚ್ಚು ಇಡಬಾರದು. ಸೆಕೆ 32 ಡಿಗ್ರಿ ದಾಟಿದ್ದರೆ 1 ಗಂಟೆ ಮಾತ್ರ. ಕಲಸಿದ ಹಿಟ್ಟಿಗೂ ಇದೇ ಲೆಕ್ಕ, ಉಳಿದರೆ ಆಗಲೇ ನೀವೇ ತಿಂದುಬಿಡಿ.

ಇನ್ನೊಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಇಡೀ ಕಡಲೆಕಾಯಿ ಬೀಜ, ಗೋಡಂಬಿ, ಇಡೀ ದ್ರಾಕ್ಷಿ, ಪಾಪ್‌ಕಾರ್ನ್ ಇವನ್ನು ಈ ವಯಸ್ಸಿನ ಮಕ್ಕಳ ಕೈಗೆ ಕೊಡಬೇಡಿ. ಉಸಿರುನಾಳಕ್ಕೆ ಸಿಕ್ಕಿಕೊಳ್ಳುವುದು ಇಂಥವೇ. ಒಣ ಹಿಟ್ಟನ್ನು ಹಾಗೆಯೇ ಬಾಯಿಗೆ ಹಾಕುವುದೂ ಬೇಡ. ಎಳ್ಳನ್ನು ಮೊದಲು ಮನೆಯಲ್ಲಿ ಸ್ವಲ್ಪ ತಿನ್ನಿಸಿ, ಒಗ್ಗುತ್ತದೆಯೇ ನೋಡಿ, ಆಮೇಲೆ ಪ್ರಯಾಣಕ್ಕೆ ಒಯ್ಯಿರಿ. ಬೇರೆ ತಾಯಂದಿರೂ ಇದನ್ನು ಓದುತ್ತಿರಬಹುದು, ಅದಕ್ಕೇ ಹೇಳುತ್ತೇನೆ: ವರ್ಷ ತುಂಬದ ಕೂಸಿಗೆ ನಮ್ಮ ಕೊಡಗಿನ ಜೇನೂ ಬೇಡ.

ಮದೆನಾಡಿನ ಅಪ್ಪ:
ನಮ್ಮ ಮಗನಿಗೆ ಮೂರು ವರ್ಷ, ತಿರುವುಗಳಲ್ಲಿ ವಾಂತಿ ಮಾಡುತ್ತಾನೆ. ಹೊರಡುವ ಮುಕ್ಕಾಲು ಗಂಟೆ ಮೊದಲು ಹಗುರವಾಗಿ ತಿನ್ನಿಸಿ, ಸಂಪಾಜೆ ದಾಟುವವರೆಗೆ ನೀರಿನ ಗುಟುಕು ಮಾತ್ರ ಕೊಡುತ್ತೇವೆ. ಬಸ್ಸು ತಿರುಗುತ್ತಿರುವಾಗ ಚಮಚ ಹಿಡಿಯುವುದೇ ಅಪಾಯ. ಸುಳ್ಯದಲ್ಲಿ ನಿಂತಾಗ ನೇರವಾಗಿ ಕೂರಿಸಿ ತಿನ್ನಿಸಿ. ಮಳೆಗಾಲವಾದರೆ ಎರಡು ಹೊತ್ತಿನ ಹಿಟ್ಟು, ನಾಲ್ಕು ಬಾಳೆಹಣ್ಣು ಹೆಚ್ಚಿಗೆ ಇರಲಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದು ಈ ರಸ್ತೆ ಮುಚ್ಚಿದ್ದನ್ನು ಕಂಡವರು ನಾವು.

ಮಡಿಕೇರಿಯ ಅಮ್ಮ:
ನಿನ್ನೆ ಹೋಗಿ ಬಂದೆವು. ಮೊದಲ ಹಿಡಿ ಕರಕಲಾಯಿತು, ಎರಡನೆಯದರಿಂದ ಕೈ ಹಿಡಿಯಿತು. ಸುಳ್ಯ ನಿಲ್ದಾಣದ ಬೆಂಚಿನ ಮೇಲೆ ಕೂತು ಕಲಸಿದೆ. ಚಮಚ ನನ್ನ ಕೈಯಿಂದ ಕಿತ್ತುಕೊಂಡು ತಾನೇ ತಿಂದಳು, ಮುಕ್ಕಾಲು ಬಟ್ಟಲು ಖಾಲಿ. ಅಜ್ಜಿ, ಮುಂದಿನ ಸಲ ಇದಕ್ಕೆ ರಾಗಿಯನ್ನೂ ಸೇರಿಸಬಹುದೇ?

ನಾಪೋಕ್ಲಿನ ಅಜ್ಜಿ:
ಧಾರಾಳವಾಗಿ ಸೇರಿಸು ಮಗಳೇ. ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಬಿಸಿಲಿನಲ್ಲಿ ಗಲಗಲ ಅನ್ನುವಂತೆ ಒಣಗಿಸು. ಅಂಗೈಯಲ್ಲಿ ತಿಕ್ಕಿ ಮೊಳಕೆ ಉದುರಿಸಿ, ಘಮ್ಮೆನ್ನುವವರೆಗೆ ಹುರಿದು ಬೀಸು. ಅಕ್ಕಿಯ ಅರ್ಧದಷ್ಟಿರಲಿ. ಬಿಸಿಲಿಲ್ಲದ ದಿನ ಮಾತ್ರ ನೆನೆಹಾಕಬೇಡ, ಹುಳಿ ವಾಸನೆ ಬಂದುಬಿಡುತ್ತದೆ.