ಆಲ್‌ವೀಲ್ ಡ್ರೈವ್ ಗಾಡಿಗೆ 23.52 ಲಕ್ಷದ ಕೊಟೇಶನ್: ಎಲ್ಲೆಲ್ಲಿ ಇಳಿಸಬಹುದು?

ತೋಟದಂಚು, ಶಿರಸಿ

ಐದು ಜನರ ಮನೆಗೆ ಆಲ್‌ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ) ಗಾಡಿ ನೋಡುತ್ತಿದ್ದೇವೆ. ಡಾಂಬರು ರಸ್ತೆ ಬಿಟ್ಟ ಮೇಲೆ ಮನೆವರೆಗೂ ಮಣ್ಣುದಾರಿ, ಕೊನೆಗೊಂದು ಕಡಿದಾದ ಏರು. ಮಳೆಗಾಲದಲ್ಲಿ ಮುಂದಿನ ಚಕ್ರ ನಿಂತಲ್ಲೇ ಸುತ್ತುತ್ತದೆ. 1.5 ಲೀಟರ್ ಪೆಟ್ರೋಲ್ ಆಟೊಮ್ಯಾಟಿಕ್ ಸಾಕು. ಕಂಪನಿ, ಶೋರೂಂ ಹೆಸರು ಬೇಡ. ಕೊಟ್ಟ ಕೊಟೇಶನ್ ಇದು, ಅಂಕಿ ದುಂಡು ಮಾಡಿದ್ದೇನೆ:

ಎಕ್ಸ್‌ ಶೋರೂಂ (ರೋಡ್ ಟ್ಯಾಕ್ಸ್, ವಿಮೆ ಸೇರದ ಬೆಲೆ) 18,00,000
ರೋಡ್ ಟ್ಯಾಕ್ಸ್ ಮತ್ತು ನೋಂದಣಿ 3,52,000
ಇನ್ಶೂರೆನ್ಸ್ 82,000
ಟಿಸಿಎಸ್ 18,000
ಅಕ್ಸೆಸರಿ ಕಿಟ್ 38,000
ಎಕ್ಸ್‌ಟೆಂಡೆಡ್ ವಾರಂಟಿ 24,000
ಅಂಡರ್‌ಬಾಡಿ ಮತ್ತು ಸೆರಾಮಿಕ್ ಕೋಟಿಂಗ್ 28,000
ಹ್ಯಾಂಡ್ಲಿಂಗ್ 9,500
ಫಾಸ್ಟ್ಯಾಗ್ 500

ಒಟ್ಟು 23,52,000. ಇದರಲ್ಲಿ 20,000 ಬಿಡುತ್ತೇವೆ, ಅದಕ್ಕಿಂತ ಆಗುವುದಿಲ್ಲ ಅನ್ನುತ್ತಿದ್ದಾರೆ. ಆಲ್‌ವೀಲ್ ಡ್ರೈವ್‌ಗೆ ಡಿಸ್ಕೌಂಟ್ ಇರುವುದೇ ಇಲ್ಲವಂತೆ, ಹೌದಾ? ಹಳೆಯ ಹ್ಯಾಚ್‌ಬ್ಯಾಕ್ ಎಕ್ಸ್‌ಚೇಂಜ್‌ಗಿದೆ, 10 ಲಕ್ಷ ಸಾಲ ಬೇಕು.

ಘಟ್ಟದ ಗಾಡಿ, ಯಲ್ಲಾಪುರ

ನೀವು "ಡಿಸ್ಕೌಂಟ್ ಎಷ್ಟು" ಎಂದು ಕೇಳುವವರೆಗೆ ಅವರು 20,000ದ ಸುತ್ತಲೇ ತಿರುಗುತ್ತಾರೆ. ಆ ಮಾತು ಬಿಡಿ. ಕೊಟೇಶನ್‌ನ ಒಂದೊಂದೇ ಸಾಲು ಹಿಡಿದು ಕೂರಿ. ಎಕ್ಸ್‌ ಶೋರೂಂ ಬೆಲೆಯಲ್ಲಿ ಅವರಿಗೆ ಉಳಿಯುವುದು ಕಡಿಮೆ. ಇನ್ಶೂರೆನ್ಸ್ ಕಮಿಷನ್, ಅಕ್ಸೆಸರಿ, ಕೋಟಿಂಗ್, ಸಾಲ, ಹಳೆಗಾಡಿ, ಇವುಗಳಲ್ಲಿ ದುಡ್ಡಿದೆ.

ಮೊದಲು ಟ್ಯಾಕ್ಸ್. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ಶೇ. 17, ಆ ತೆರಿಗೆಯ ಮೇಲೆ ಶೇ. 11 ಸೆಸ್. 18 ಲಕ್ಷಕ್ಕೆ 3,06,000 ಮತ್ತು 33,660, ಸೇರಿ 3,39,660. ನೋಂದಣಿ ಶುಲ್ಕ 600, ಸಾಲದ ನಮೂದಿಗೆ 1,500, ಸ್ಮಾರ್ಟ್ ಕಾರ್ಡ್ 200, ಸಾರಿಗೆ ಕಾರ್ಮಿಕರ ಸೆಸ್ 1,000. ಒಟ್ಟು 3,42,960. ನಿಮ್ಮದರಲ್ಲಿ 3,52,000 ಇದೆ. ಉಳಿದ 9,040 ರೂಪಾಯಿ ಯಾವುದಕ್ಕೆ ಎಂದು ಬರೆದುಕೊಡಲು ಹೇಳಿ. ನಿಮ್ಮ ಕೈಗೆ ಸರಕಾರಿ ರಸೀದಿ ಬರುತ್ತದೆ, ಅದರಲ್ಲಿರುವಷ್ಟೇ ಕೊಡುವುದು. ನಂಬರ್ ಪ್ಲೇಟ್ ಎಂದರೆ ಒಪ್ಪಬೇಡಿ. 2019ರ ಏಪ್ರಿಲ್‌ನಿಂದ ಹೊಸ ಗಾಡಿಗೆ ಹೈ ಸೆಕ್ಯೂರಿಟಿ ಪ್ಲೇಟ್ ಕೊಡುವುದು ಕಂಪನಿಯ ಹೊಣೆ.

ಇನ್ನೊಂದು ವಿಷಯ: ಮೇಲಿನ ವೇರಿಯಂಟ್ ತೋರಿಸಿ "ಇನ್ನೊಂಚೂರು ಹಾಕಿ ಸರ್" ಅಂದಾಗ 20 ಲಕ್ಷದ ಗೆರೆ ನೆನಪಿರಲಿ. ಅದು ದಾಟಿದರೆ ತೆರಿಗೆ ಶೇ. 18, ಅದೂ ಪೂರ್ತಿ ಬೆಲೆಯ ಮೇಲೆ. 19,90,000ಕ್ಕೆ ಸೆಸ್ ಸೇರಿ 3,75,513, 20,10,000ಕ್ಕೆ 4,01,598. ಗಾಡಿಯಲ್ಲಿ 20,000 ವ್ಯತ್ಯಾಸ, ತೆರಿಗೆಯಲ್ಲಿ 26,085.

ಹ್ಯಾಂಡ್ಲಿಂಗ್ 9,500 ಪೂರ್ತಿ ಹೊಡೆದು ಹಾಕಿಸಿ. ಗಾಡಿ ಶೋರೂಂವರೆಗೆ ತಂದ ಖರ್ಚು ಎಕ್ಸ್‌ ಶೋರೂಂ ಬೆಲೆಯಲ್ಲೇ ಸೇರಿದೆ. ಇದರಲ್ಲಿ ಅರ್ಧಕ್ಕೆ ರಾಜಿ ಎನ್ನುವ ಮಾತೇ ಬೇಡ.

ಟಿಸಿಎಸ್, ಅಂದರೆ ಮಾರುವವರು ಮೊದಲೇ ಹಿಡಿದು ಕಟ್ಟುವ ಆದಾಯ ತೆರಿಗೆ, 18,000 ಸರಿಯಿದೆ. 10 ಲಕ್ಷ ದಾಟಿದ ಗಾಡಿಗೆ ಶೇ. 1. ನಿಮ್ಮ ಪ್ಯಾನ್‌ಗೆ ಜಮೆಯಾಗುತ್ತದೆ, ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳಬಹುದು ಅಥವಾ ಮರಳಿ ಪಡೆಯಬಹುದು. ಬಿಲ್ಲಿನಲ್ಲಿ ಪ್ಯಾನ್ ತಪ್ಪಿಲ್ಲದೆ ಇರಲಿ.

ಇನ್ಶೂರೆನ್ಸ್ 82,000 ಬಹಳವಾಯಿತು. ಇದರಲ್ಲಿ ಥರ್ಡ್ ಪಾರ್ಟಿ (ಬೇರೆಯವರಿಗಾದ ಹಾನಿಯ) ಭಾಗ ಮಾತ್ರ ಅಲ್ಲಾಡುವುದಿಲ್ಲ: 1000ರಿಂದ 1500 ಸಿಸಿಯ ಹೊಸ ಕಾರಿಗೆ ಮೂರು ವರ್ಷಕ್ಕೆ 10,640 ಮತ್ತು ಜಿಎಸ್‌ಟಿ. ಉಳಿದದ್ದು ಓನ್ ಡ್ಯಾಮೇಜ್ (ನಿಮ್ಮ ಗಾಡಿಯ ಹಾನಿ) ಮತ್ತು ಆಡ್‌ಆನ್ (ಹೆಚ್ಚುವರಿ ರಕ್ಷಣೆ), ಅಲ್ಲೇ ಚೌಕಾಸಿ. ಶೋರೂಂನಲ್ಲೇ ಪಾಲಿಸಿ ಮಾಡಿಸಬೇಕು ಎಂಬ ಕಾನೂನಿಲ್ಲ. ಹೊರಗೆ ಎರಡು ಕಡೆ ಕೇಳಿ. ಐಡಿವಿ, ಅಂದರೆ ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಬೆಲೆ, ಒಂದೇ ಇರಬೇಕು (ಹೊಸ ಗಾಡಿಗೆ ಶೋರೂಂ ಬೆಲೆಯ ಶೇ. 95), ಆಡ್‌ಆನ್ ಕೂಡ ಅವೇ ಇರಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಜೀರೋ ಡೆಪ್ (ಬಿಡಿಭಾಗದ ಸವಕಳಿ ಕಳೆಯದೆ ಕ್ಲೇಮ್ ಕೊಡುವುದು) ಮತ್ತು ಎಂಜಿನ್ ಪ್ರೊಟೆಕ್ಟ್ ಬೇಕೇ ಬೇಕು. ಹಳ್ಳದ ನೀರು ಎಂಜಿನ್‌ಗೆ ನುಗ್ಗಿ ಕನೆಕ್ಟಿಂಗ್ ರಾಡ್ ಬಾಗಿದರೆ ಸಾಮಾನ್ಯ ಪಾಲಿಸಿಯಲ್ಲಿ ಕ್ಲೇಮ್ ಕೈಗೆ ಹತ್ತುವುದು ಕಷ್ಟ. ಉಳಿದ ಆಡ್‌ಆನ್ ಒಂದೊಂದನ್ನೂ ಏಕೆ ಎಂದು ಕೇಳಿಯೇ ಇಟ್ಟುಕೊಳ್ಳಿ.

ನಿಮ್ಮ ಹಳೆಗಾಡಿಗೆ ಕ್ಲೇಮ್ ಇಲ್ಲದ ವರ್ಷಗಳಿದ್ದರೆ ನೋ ಕ್ಲೇಮ್ ಬೋನಸ್ ನಿಮ್ಮದು, ಗಾಡಿಯದ್ದಲ್ಲ. ಐದು ವರ್ಷಕ್ಕೆ ಓನ್ ಡ್ಯಾಮೇಜ್‌ನಲ್ಲಿ ಶೇ. 50 ಇಳಿಯುತ್ತದೆ. ಹಳೆಯ ವಿಮಾ ಕಂಪನಿಯಿಂದ ಬೋನಸ್ ಉಳಿಸಿಕೊಳ್ಳುವ ರಿಟೆನ್ಶನ್ ಪತ್ರ ತಂದು ಹೊಸ ಗಾಡಿಗೆ ಹಾಕಿಸಿ, ಮೂರು ವರ್ಷ ನಡೆಯುತ್ತದೆ. ಸೇಲ್ಸ್‌ನವರು ತಾವಾಗಿ ಇದನ್ನು ಎತ್ತುವುದು ಅಪರೂಪ.

ಕಾಳಿ ದಡ, ಕಾರವಾರ

ಕೋಟಿಂಗ್ ಬಗ್ಗೆ ನಾನು ಹೇಳುತ್ತೇನೆ. ಕರಾವಳಿಯ ಉಪ್ಪುಗಾಳಿ ಎಂದು ಹೆದರಿಸಿ ಇದನ್ನು ಮಾರುತ್ತಾರೆ. ಈಗಿನ ಗಾಡಿಗೆ ಕಾರ್ಖಾನೆಯಲ್ಲೇ ತಳಕ್ಕೆ ರಕ್ಷಣೆ ಇರುತ್ತದೆ. ಅದರ ಮೇಲೆ ಶೋರೂಂನ ಹಿತ್ತಲಲ್ಲಿ ರಬ್ಬರ್ ಕೋಟ್ ಸ್ಪ್ರೇ ಮಾಡುವಾಗ ಬಾಗಿಲ ಕೆಳಗಿನ ಪಟ್ಟಿಯಲ್ಲಿರುವ ನೀರು ಬಸಿಯುವ ತೂತುಗಳು ಮುಚ್ಚಿಹೋಗುತ್ತವೆ. ಒಳಗೆ ನಿಂತ ನೀರು ಹೊರಗೆ ಬರಲಾರದು, ತುಕ್ಕು ಒಳಗಿನಿಂದ ತಿನ್ನುತ್ತದೆ. ಕೋಟ್ ಎದ್ದಲ್ಲೆಲ್ಲ ಅದರಡಿ ಉಪ್ಪುನೀರು ಸಿಕ್ಕಿಕೊಳ್ಳುತ್ತದೆ. ಬೇಕೆಂದರೆ ಪೊಳ್ಳು ಭಾಗಗಳಿಗೆ ವ್ಯಾಕ್ಸ್ ಹೊಡೆಸಿ, ಅದೂ ತೂತುಗಳನ್ನು ಕಣ್ಣಾರೆ ನೋಡಿಕೊಂಡು. ಕಡಲಬದಿಗೆ ಹೋಗಿಬಂದ ದಿನ ತಳಕ್ಕೆ ಸಿಹಿನೀರು ಬಿಟ್ಟು ತೊಳೆದರೆ ಇದಕ್ಕಿಂತ ಹೆಚ್ಚು ಉಪಯೋಗ. 28,000ವನ್ನು ಪೂರ್ತಿ ತೆಗೆಸಿ.

ಚೌಕಾಸಿಗೆ ಗಟ್ಟಿ ಹಿಡಿತವೆಂದರೆ ಅವಳಿ ಗಾಡಿಗಳು. ಮಾರುತಿಯ ಗ್ರ್ಯಾಂಡ್ ವಿಟಾರಾ ಆಲ್‌ಗ್ರಿಪ್, ಟೊಯೋಟಾದ ಹೈರೈಡರ್ ಎಡಬ್ಲ್ಯುಡಿ, ಎರಡಕ್ಕೂ ಅದೇ 1462 ಸಿಸಿ ಎಂಜಿನ್, ಅದೇ ಆಲ್‌ವೀಲ್ ವ್ಯವಸ್ಥೆ. ಬೇರೆ ಇರುವುದು ಮುಖ, ಟ್ರಿಮ್, ಡೀಲರು. ಎರಡೂ ಕಡೆ ಲಿಖಿತ ಕೊಟೇಶನ್ ತೆಗೆದು ಎದುರುಬದುರು ಇಡಿ. ಹುಬ್ಬಳ್ಳಿಯ ಒಂದು ದರವನ್ನೂ ಸೇರಿಸಿ. ರಾಜ್ಯದೊಳಗೆ ಎಲ್ಲಿ ಕೊಂಡರೂ ತೆರಿಗೆ ಒಂದೇ, ವಿಳಾಸ ಶಿರಸಿಯದ್ದಾದರೆ ನಂಬರ್ ಕೆಎ-31. 2025ರ ಸೆಪ್ಟೆಂಬರ್ 22ಕ್ಕಿಂತ ಹಿಂದಿನ ಕೊಟೇಶನ್ ಯಾರಾದರೂ ತೋರಿಸಿದರೆ ಹೋಲಿಸಬೇಡಿ, ಈ ವರ್ಗದ ಗಾಡಿಗೆ ಅಂದು ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇ. 45 ಇದ್ದದ್ದು ಶೇ. 40ಕ್ಕೆ ಇಳಿದಿದೆ.

ಗೋವಾದಲ್ಲಿ ಅಗ್ಗ ಎಂದು ಮಾಜಾಳಿ ಗಡಿ ದಾಟುವವರಿಗೆ: ಅಲ್ಲಿಯ ಡೀಲರ್ ಡಿಸ್ಕೌಂಟ್ ನಿಜವಿರಬಹುದು, ತೆರಿಗೆಯ ಉಳಿತಾಯ ನಿಲ್ಲುವುದಿಲ್ಲ. ಗಾಡಿ ಕರ್ನಾಟಕದಲ್ಲಿ 12 ತಿಂಗಳು ಮೀರಿ ಇದ್ದರೆ ಇಲ್ಲಿ ಮರುನೋಂದಣಿ ಮಾಡಿಸಿ ಇಲ್ಲಿಯ ತೆರಿಗೆ ಕಟ್ಟಲೇಬೇಕು. ಅಲ್ಲಿ ಕಟ್ಟಿದ್ದನ್ನು ವಾಪಸ್ ಪಡೆಯಲು ಓಡಾಟ ಬೇರೆ.

ಸಮಯವೂ ನೋಡಿ. ಆಷಾಢ, ಪಿತೃಪಕ್ಷದಲ್ಲಿ ಜನ ಗಾಡಿ ತೆಗೆಯುವುದಿಲ್ಲ, ಶೋರೂಂ ಟಾರ್ಗೆಟ್ ಮಾತ್ರ ನಿಲ್ಲುವುದಿಲ್ಲ. ಆ ದಿನಗಳಲ್ಲಿ ದರ ಕುದುರಿಸಿ ಬುಕ್ ಮಾಡಿ, ಶ್ರಾವಣದಲ್ಲೋ ನವರಾತ್ರಿಯಲ್ಲೋ ಮನೆಗೆ ತನ್ನಿ. ಆಯುಧಪೂಜೆಯ ಹಿಂದಿನ ವಾರ ಹೋದರೆ ಅವರ ಕೈ ಮೇಲಿರುತ್ತದೆ.

ನಾಲ್ಕು ಚಕ್ರ, ಅಂಕೋಲಾ

ಆಲ್‌ವೀಲ್‌ಗೆ ಡಿಸ್ಕೌಂಟ್ ಇಲ್ಲ ಎನ್ನುವುದು ಅರ್ಧ ನಿಜ. ಡೀಲರು ಈ ಗಾಡಿಯನ್ನು ಹೆಚ್ಚಾಗಿ ಆರ್ಡರ್ ಬಂದ ಮೇಲೆ ತರಿಸುತ್ತಾರೆ, ಅಂಥದ್ದಕ್ಕೆ ಬಿಡುವುದು ಕಡಿಮೆ. ಆದರೆ ಯಾರೋ ಬುಕಿಂಗ್ ರದ್ದು ಮಾಡಿ ಯಾರ್ಡ್‌ನಲ್ಲಿ ನಿಂತ ಗಾಡಿಯಿದ್ದರೆ ಅದರ ಮೇಲೆ ಡೀಲರಿಗೆ ಬಡ್ಡಿ ಓಡುತ್ತಿರುತ್ತದೆ. ಬಣ್ಣದ ಹಟ ಬಿಟ್ಟು "ಸ್ಟಾಕ್‌ನಲ್ಲಿ ಯಾವುದಿದೆ, ಯಾವ ತಿಂಗಳಲ್ಲಿ ತಯಾರಾದದ್ದು" ಎಂದು ಕೇಳಿ. ಡೀಲರ್ ಕೊಡುವ ಮಾರಾಟ ಪತ್ರ ಫಾರ್ಮ್ 21ರಲ್ಲಿ ತಯಾರಿಕೆಯ ತಿಂಗಳು, ವರ್ಷ ಬರೆಯಲೇಬೇಕು. ಹಿಂದಿನ ವರ್ಷದ್ದಾದರೆ ಮುಂದೆ ಮಾರುವಾಗ ಒಂದು ವರ್ಷ ಹಳೆಯದೆಂದೇ ಬೆಲೆ ಕಟ್ಟುತ್ತಾರೆ, ಆ ನಷ್ಟವನ್ನು ಈಗಲೇ ಇಳಿಸಿಕೊಳ್ಳಿ. ನಿಂತ ಗಾಡಿಯ ಬ್ಯಾಟರಿ ವೋಲ್ಟೇಜ್ ಅಳೆಸಿ. ಟೈರಿನ ಬದಿಯ ನಾಲ್ಕಂಕಿ ನೋಡಿ: 2325 ಎಂದರೆ 2025ರ 23ನೇ ವಾರ.

ಟೆಸ್ಟ್ ಡ್ರೈವ್‌ಗೆ ಬಹಳ ಕಡೆ ಮುಂಚಕ್ರದ ಡೆಮೊ ಗಾಡಿ ಕೊಡುತ್ತಾರೆ. ಒಪ್ಪಬೇಡಿ. ಆಲ್‌ವೀಲ್ ಡೆಮೊವನ್ನೇ ತರಿಸಿ, ನಿಮ್ಮ ಮನೆಯ ಏರಿನಲ್ಲೇ ಹತ್ತಿಸಿ ನೋಡಿ, ನಡುವೆ ನಿಲ್ಲಿಸಿ ಮತ್ತೆ ಎಬ್ಬಿಸಿ. ಹೈವೇ ಟೈರಿನ ಗೆರೆಗಳಲ್ಲಿ ಕೆಂಪು ಕೆಸರು ಮೆತ್ತಿಕೊಂಡರೆ ನಾಲ್ಕೂ ಚಕ್ರ ಒಟ್ಟಿಗೆ ಜಾರುತ್ತವೆ. ಹಾಗಾದರೆ ಅಕ್ಸೆಸರಿ ಕಿಟ್‌ನ 38,000 ತೆಗೆಸಿ ಆ ದುಡ್ಡಿಗೆ ಒಳ್ಳೆಯ ಟೈರ್ ಹಾಕುವುದು ಜಾಣತನ. ಘಟ್ಟ ಇಳಿಯುವಾಗ ಬ್ರೇಕಿಗೆ ಆಲ್‌ವೀಲ್ ಏನೂ ಸಹಾಯ ಮಾಡದು, ಅಲ್ಲೂ ಟೈರೇ ಗತಿ.

ಟೈರ್ ಯಾವಾಗ ಬದಲಿಸಿದರೂ ನಾಲ್ಕನ್ನೂ ಒಟ್ಟಿಗೆ, ಒಂದೇ ಜಾತಿಯದ್ದು. ಸುತ್ತಳತೆಯಲ್ಲಿ ವ್ಯತ್ಯಾಸವಾದರೆ ಹಿಂದಿನ ಚಕ್ರಕ್ಕೆ ಶಕ್ತಿ ಕಳಿಸುವ ಕಪ್ಲಿಂಗ್ ಸದಾ ಜಾರುತ್ತಾ ಬಿಸಿಯಾಗಿ ಸವೆಯುತ್ತದೆ. ಸ್ಪೇರ್ ಟೈರಿನ ಅಳತೆಯನ್ನೂ ಖರೀದಿಗೆ ಮೊದಲೇ ನೋಡಿ.

ವಾರಂಟಿಯ 24,000 ನಾನಾದರೆ ಇಟ್ಟುಕೊಳ್ಳುತ್ತೇನೆ, ಒಂದು ಷರತ್ತಿನಲ್ಲಿ: ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಟ್ರಾನ್ಸ್‌ಫರ್, ಕಪ್ಲಿಂಗ್, ಹಿಂದಿನ ಡಿಫರೆನ್ಶಿಯಲ್ ಮೂರೂ ಸೇರಿವೆ ಎಂದು ಷರತ್ತಿನ ಪುಟದಲ್ಲೇ ತೋರಿಸಬೇಕು. ಬಾಯಿಮಾತು ಬೇಡ. ಎರಡೂ ಅವಳಿಗಳಿಗೆ ಮೂಲ ವಾರಂಟಿ 3 ವರ್ಷ ಅಥವಾ 1 ಲಕ್ಷ ಕಿಮೀ, ಹಾಗಾಗಿ ಇದನ್ನು ಇವತ್ತೇ ಕೊಳ್ಳುವ ತುರ್ತಿಲ್ಲ.

ತೋಟದಂಚು, ಶಿರಸಿ

ಎಲ್ಲರಿಗೂ ಧನ್ಯವಾದ. ಹಳೆಗಾಡಿಗೆ "ಎಕ್ಸ್‌ಚೇಂಜ್ ಬೋನಸ್ 40,000" ಎನ್ನುತ್ತಿದ್ದಾರೆ. ಸಾಲಕ್ಕೆ ಬಡ್ಡಿ "ಐದೇ ಪರ್ಸೆಂಟ್" ಅಂತೆ. ನಂಬಬಹುದಾ?

ಘಟ್ಟದ ಗಾಡಿ, ಯಲ್ಲಾಪುರ

ಐದು ಪರ್ಸೆಂಟ್ ಫ್ಲಾಟ್ ಇರಬೇಕು, ಅಂದರೆ ತೀರಿಸಿದ ಅಸಲಿಗೂ ಕೊನೆವರೆಗೆ ಬಡ್ಡಿ. 10 ಲಕ್ಷಕ್ಕೆ ಐದು ವರ್ಷ ಫ್ಲಾಟ್ ಶೇ. 5 ಎಂದರೆ ಬಡ್ಡಿ 2,50,000, ಕಂತು 20,833. ಉಳಿದ ಬಾಕಿಗಷ್ಟೇ ಬಡ್ಡಿ ಹಾಕುವ ಬ್ಯಾಂಕಿನ ಲೆಕ್ಕದಲ್ಲಿ ಅದು ಸುಮಾರು ಶೇ. 9.15. ಬ್ಯಾಂಕಿನವರು ಶೇ. 9 ಅಂದರೆ ಕಂತು 20,758, ಕೇಳಲು ದುಬಾರಿ, ಲೆಕ್ಕದಲ್ಲಿ ಅಗ್ಗ. ಪ್ರೊಸೆಸಿಂಗ್ ಶುಲ್ಕ, ಮೊದಲೇ ತೀರಿಸಿದರೆ ದಂಡ ಎಷ್ಟು ಎಂದು ಕೇಳಿ. ಅಡಿಕೆ ಮಾರಿದಾಗ ಒಟ್ಟಿಗೆ ಕಟ್ಟುವ ಆಲೋಚನೆಯಿದ್ದರೆ ಫ್ಲೋಟಿಂಗ್ ದರದ ಸಾಲ ಹುಡುಕಿ, ಅದಕ್ಕೆ ದಂಡ ಇರುವುದಿಲ್ಲ.

ಎಕ್ಸ್‌ಚೇಂಜ್‌ನಲ್ಲಿ ಬೋನಸ್ ಒಂದು ಕಡೆ ಕೊಟ್ಟು ಗಾಡಿಯ ಬೆಲೆಯಲ್ಲಿ ಇನ್ನೊಂದು ಕಡೆ ಕಿತ್ತುಕೊಳ್ಳುತ್ತಾರೆ. ಮೊದಲು ಹೊರಗಿನ ಎರಡು ವ್ಯಾಪಾರಿಗಳಿಂದ ಬೆಲೆ ಕಟ್ಟಿಸಿ. ಶೋರೂಂನ ಬೆಲೆ ಮತ್ತು ಬೋನಸ್ ಸೇರಿ ಅದಕ್ಕಿಂತ ಮೇಲಿದ್ದರೆ ಮಾತ್ರ ಕೊಡಿ. ಹೊಸ ಗಾಡಿಯ ದರ ಪೂರ್ತಿ ಇತ್ಯರ್ಥವಾಗುವವರೆಗೆ ಹಳೆಗಾಡಿಯ ಸುದ್ದಿ ಎತ್ತಬೇಡಿ. ಕೊಟ್ಟ ಮೇಲೆ ಹೆಸರು ವರ್ಗಾವಣೆಯ ಫಾರ್ಮ್ 29, 30ರ ನಕಲು ಇಟ್ಟುಕೊಂಡು, ಆರ್‌ಸಿ ಹೆಸರು ಬದಲಾದದ್ದನ್ನು ನೋಡುವವರೆಗೆ ಬಿಡಬೇಡಿ.

ನನ್ನ ಲೆಕ್ಕ: ಕೋಟಿಂಗ್ 28,000, ಕಿಟ್ 38,000, ಹ್ಯಾಂಡ್ಲಿಂಗ್ 9,500, ನೋಂದಣಿಯ ಹೆಚ್ಚುವರಿ 9,040. ಇಷ್ಟರಲ್ಲೇ 84,540 ಇಳಿಯಿತು. ಇನ್ಶೂರೆನ್ಸ್ ಇಳಿತ, ಅವರು ಬಿಟ್ಟ 20,000 ಬೇರೆ. ಒಪ್ಪಿದ ದರವನ್ನು ಶೋರೂಂ ಮೊಹರಿನ ಹಾಳೆಯಲ್ಲಿ ಬರೆಸಿ, ಬುಕಿಂಗ್ ರದ್ದಾದರೆ ಹಣ ವಾಪಸ್ ಎಂಬುದನ್ನೂ ಬರೆಸಿ. ಬುಕ್ ಮಾಡಿದ ಮಾತ್ರಕ್ಕೆ ಬೆಲೆ ಗಟ್ಟಿಯಾಗದು, ಸಾಮಾನ್ಯವಾಗಿ ಡೆಲಿವರಿ ದಿನದ ಬೆಲೆಯೇ ಅನ್ವಯ. ಕಂಪನಿಗಳು ಜನವರಿ, ಏಪ್ರಿಲ್‌ನಲ್ಲಿ ಬೆಲೆ ಏರಿಸುವುದು ರೂಢಿ, ದಿನಾಂಕ ಹಾಕಿಸಿ. ದುಡ್ಡು ಶೋರೂಂನ ಬ್ಯಾಂಕ್ ಖಾತೆಗೇ ಹೋಗಲಿ, ಸೇಲ್ಸ್‌ನವರ ಮೊಬೈಲ್ ನಂಬರ್‌ಗೆ ಒಂದು ರೂಪಾಯಿಯೂ ಬೇಡ. ಶೋರೂಂಗೆ ಬಾಕಿ ಹಣ ಕಟ್ಟುವ ಮೊದಲು, ನೋಂದಣಿಗೂ ಮೊದಲೇ, ಗಾಡಿಯನ್ನು ಲಿಫ್ಟ್‌ಗೆ ಏರಿಸಿ ಹಿಂದಿನ ಡಿಫರೆನ್ಶಿಯಲ್‌ನ ಸೀಲ್ ಹತ್ತಿರ ಎಣ್ಣೆ ಒಸರಿದೆಯೇ ನೋಡಿ. ಆಮೇಲೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಎಡಕ್ಕೂ ಬಲಕ್ಕೂ ನಿಧಾನವಾಗಿ ಸುತ್ತು ಹೊಡೆಸಿ. ಆಲ್‌ವೀಲ್ ಮೋಡ್ ಆಟೊದಲ್ಲಿರಲಿ, ಲಾಕ್‌ನಲ್ಲಿಟ್ಟರೆ ಬಿಗಿತ ಬರುವುದು ಸಹಜ. ಆಟೊದಲ್ಲೇ ಕಟಕಟ ಸದ್ದು ಅಥವಾ ತಡೆದಂಥ ಜಗ್ಗುವಿಕೆ ಕಂಡರೆ ಆ ಚಾಸಿ ನಂಬರ್ ಬೇಡ, ಬೇರೆ ಗಾಡಿ ಕೊಡಿ ಎನ್ನಿ. ನೋಂದಣಿಯಾದ ಮೇಲೆ ಬದಲಿಸಿ ಕೊಡುವುದಿಲ್ಲ.